ಪೋಷಕರ ಸಭೆಯಲ್ಲಿ ಮಗುವಿಗೂ ಒಂದು ಕುರ್ಚಿ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಫಲಿತಾಂಶದ ದಿನಗಳಲ್ಲಿ ಪತ್ರಿಕೆ ತುಂಬಾ ಮಕ್ಕಳ ಅಂಕದ ಸುದ್ದಿ ಇರುತ್ತದೆ. ನಾನೂ ಆಸೆಯಿಂದ ಓದುತ್ತೇನೆ. ಆದರೆ ಈ ಪತ್ರ ಅಂಕದ ಬಗ್ಗೆ ಅಲ್ಲ. ಅಂಕಪಟ್ಟಿಯನ್ನು ನಮ್ಮ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳುವ ಪೋಷಕರ ಸಭೆ ಇದೆಯಲ್ಲ, ಅದರ ಬಗ್ಗೆ. ಅಲ್ಲಿ ಟೀಚರ್ ಮಾತಾಡುತ್ತಾರೆ, ನಾವು ಮಾತಾಡುತ್ತೇವೆ. ಯಾರ ಬಗ್ಗೆ ಮಾತಾಡುತ್ತೇವೋ ಆ ಮಗು ಮಾತ್ರ ಬಾಗಿಲ ಆಚೆ ನಿಂತಿರುತ್ತದೆ. ಇಷ್ಟು ವರ್ಷ ನನಗೂ ಅದು ತಪ್ಪು ಅನ್ನಿಸಿರಲಿಲ್ಲ.

ನನಗೆ ಇಬ್ಬರು ಮಕ್ಕಳು. ಮಗಳು ಏಳನೇ ಕ್ಲಾಸು, ಮಗ ಎರಡನೇ ಕ್ಲಾಸು. ಮದುವೆಗೆ ಮುಂಚೆ ಶಿಕ್ಷಕರ ತರಬೇತಿ ಮುಗಿಸಿದ್ದೆ. ಕೆಲಸ ಸಿಗಲಿಲ್ಲ. ಹೊಲಿಗೆ ಕಲಿತೆ, ಈಗ ಮನೆಯಲ್ಲೇ ಹೊಲಿಯುತ್ತೇನೆ. ಹೆಚ್ಚಾಗಿ ಮಕ್ಕಳ ಬಟ್ಟೆ, ಅದರಲ್ಲೂ ಶಾಲೆಯ ಯೂನಿಫಾರಂ. ಹಾಗಾಗಿ ನನ್ನ ಮಕ್ಕಳಷ್ಟೇ ಅಲ್ಲ, ಸುತ್ತಮುತ್ತಲಿನ ಎಷ್ಟೋ ಮಕ್ಕಳು ಬೆಳೆದಿದ್ದು ನನ್ನ ಅಳತೆ ಪುಸ್ತಕದಲ್ಲಿದೆ. ಭುಜ, ತೋಳು, ಸೊಂಟ, ಉದ್ದ, ಎಲ್ಲ ವರ್ಷ ವರ್ಷವೂ ಬರೆದಿಟ್ಟಿದ್ದೇನೆ.

ಯೂನಿಫಾರಂ ಸ್ಕರ್ಟ್ ಹೊಲಿಯುವಾಗ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಬಿಡುತ್ತೇನೆ. ಐದು ವರ್ಷ ದಾಟಿದ ಮೇಲೆ ದೊಡ್ಡವರಾಗುವ ವಯಸ್ಸಿನ ತನಕ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರ ಆಗುತ್ತಾರೆ. ಮುಂದಿನ ವರ್ಷ ಹೊಲಿಗೆ ಬಿಚ್ಚಿ ಆ ಬಟ್ಟೆ ಇಳಿಸಬೇಕು. ಇಳಿಸಿದಾಗ ಒಂದು ಪಟ್ಟಿ ಕಾಣುತ್ತದೆ. ಸ್ಕರ್ಟೆಲ್ಲ ಬಿಸಿಲಿಗೆ, ಒಗೆತಕ್ಕೆ ಮಾಸಿರುತ್ತದೆ. ಒಳಗಿದ್ದ ನಾಲ್ಕು ಬೆರಳು ಮಾತ್ರ ಕಡು ನೀಲಿ, ಹೊಸದರ ಹಾಗೆ. ಎಷ್ಟು ಇಸ್ತ್ರಿ ಹಾಕಿದರೂ ಹಳೆಯ ಮಡಿಕೆಯ ಗೆರೆ ಹೋಗುವುದಿಲ್ಲ. ಮಗಳ ಒಂದು ಸ್ಕರ್ಟನ್ನು ನಾನು ಯಾರಿಗೂ ಕೊಟ್ಟಿಲ್ಲ. ಅದರಲ್ಲಿ ಅಂಥ ಗೆರೆ ಎರಡಿವೆ.

ಹಲ್ಲು ಬೀಳುವುದೂ ಹಾಗೆ ಕಣ್ಣಿಗೆ ಕಾಣುವ ವಿಷಯ. 20 ಹಾಲುಹಲ್ಲು, ಆರು ವರ್ಷದ ಹೊತ್ತಿಗೆ ಕೆಳಗಿನ ಮುಂದಿನ ಹಲ್ಲಿನಿಂದ ಶುರು, ಹನ್ನೆರಡರ ಹೊತ್ತಿಗೆ ಮುಗಿಯುತ್ತದೆ. ಮಗ ಒಂದನೇ ಕ್ಲಾಸಿನಲ್ಲಿ ತೆಗೆಸಿಕೊಂಡ ಗುಂಪು ಫೋಟೋದಲ್ಲಿ ಅರ್ಧ ಮಕ್ಕಳಿಗೆ ಮುಂದಿನ ಹಲ್ಲೇ ಇಲ್ಲ. ಇಂಥದ್ದನ್ನೆಲ್ಲ ನಾವು ಯಾರ ಸಹಾಯವೂ ಇಲ್ಲದೆ ನೋಡುತ್ತೇವೆ, ಖುಷಿಪಡುತ್ತೇವೆ. ಕಣ್ಣಿಗೆ ಕಾಣದ ಹಾಗೆ ಆಗುವ ಬದಲಾವಣೆಗಳು ಬೇರೆ ಇವೆ. ಅವುಗಳ ಸುದ್ದಿ ಗೊತ್ತಿರುವುದು ಮಗುವಿಗೆ ಮಾತ್ರ. ನನಗೆ ಇದು ಮನವರಿಕೆ ಆಗಿದ್ದು ಕಳೆದ ಪೋಷಕರ ಸಭೆಯ ದಿನ.

ಅವತ್ತು ಮಗನನ್ನೂ ಕರೆದುಕೊಂಡು ಹೋಗಿದ್ದೆ. ವರಾಂಡದಲ್ಲಿ ಉದ್ದ ಸಾಲು. ಒಬ್ಬೊಬ್ಬರಿಗೆ ಐದು ನಿಮಿಷ. ನನ್ನ ಸರದಿ ಬಂತು. ಮಗನನ್ನು ಬಾಗಿಲ ಹತ್ತಿರ ನಿಲ್ಲಿಸಿ ನಾನೊಬ್ಬಳೇ ಒಳಗೆ ಹೋದೆ. ಮೇಜಿನ ಎದುರು ಒಂದೇ ಕುರ್ಚಿ ಇತ್ತು. ಮಿಸ್ ಮೂರು ಮಾತು ಹೇಳಿದರು. ಬೋರ್ಡಿನಿಂದ ಬರೆದುಕೊಳ್ಳುವುದು ತುಂಬಾ ನಿಧಾನ, ಅರ್ಧಕ್ಕೇ ಬಿಡುತ್ತಾನೆ. ಪಕ್ಕದವರ ಪುಸ್ತಕ ನೋಡುತ್ತಾನೆ. ಲೆಕ್ಕ ಮಾಡುವಾಗ ಒಬ್ಬನೇ ಗೊಣಗುತ್ತಿರುತ್ತಾನೆ, ಬೇರೆ ಮಕ್ಕಳಿಗೆ ತೊಂದರೆ ಆಗುತ್ತದೆ. ‘ಮನೆಯಲ್ಲಿ ಸ್ವಲ್ಪ ಗಮನ ಕೊಡಿ’ ಅಂದರು. ಸರಿ ಅಂದೆ. ಸಹಿ ಹಾಕಿದೆ. ಎದ್ದು ಬಂದೆ.

ಮನೆಗೆ ನಡೆದು ಬರುವಾಗ ಅವನೇ ಕೇಳಿದ. ‘ಅಮ್ಮ, ಮಿಸ್ ಏನಂದ್ರು?’

‘ಬೇಗ ಬರೀಬೇಕಂತೆ. ಪಕ್ಕದವರ ಪುಸ್ತಕ ನೋಡಬಾರದಂತೆ.’

ಸ್ವಲ್ಪ ದೂರ ಮಾತಾಡಲಿಲ್ಲ. ಆಮೇಲೆ, ‘ಮುಂದಿನ ಬೆಂಚಲ್ಲಿ ಕೂತ ದಿನ ನಾನೂ ಬೇಗ ಬರೀತೀನಿ’ ಅಂದ.

‘ಹಿಂದೆ ಕೂತ್ರೆ ಏನಾಗುತ್ತೆ?’

‘ಹಿಂದೆ ಕೂತ್ರೆ ಅಕ್ಷರ ದಪ್ಪ ಆಗ್ಬಿಡುತ್ತೆ. ಒಂದಕ್ಕೊಂದು ಅಂಟ್ಕೊಳ್ಳುತ್ತೆ. ಒತ್ತಕ್ಷರ ಯಾವ್ದು ಅಂತ ಗೊತ್ತಾಗಲ್ಲ, ಅದಕ್ಕೆ ಪಕ್ಕದವನದ್ದು ನೋಡ್ತೀನಿ.’

ನಾನು ರಸ್ತೆ ಬದಿಯಲ್ಲೇ ನಿಂತುಬಿಟ್ಟೆ. ಈ ಹುಡುಗನಿಗೆ ಕಣ್ಣು ಸರಿ ಇಲ್ಲ ಅಂತ ನನಗೆ ಕನಸಿನಲ್ಲೂ ಅನ್ನಿಸಿರಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಸೂಜಿಗೆ ದಾರ ಪೋಣಿಸುವವನು ಅವನೇ! ಸಂಜೆ ಬೆಳಕು ಕಮ್ಮಿಯಾದರೆ ನನಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಅವನನ್ನು ಕರೆಯುತ್ತೇನೆ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಚೂಪು ಮಾಡಿ, ಸೂಜಿಯನ್ನು ಮೂಗಿನ ಹತ್ತಿರ ಹಿಡಿದು ಒಂದೇ ಸಲಕ್ಕೆ ಪೋಣಿಸಿ ಕೊಡುತ್ತಾನೆ. ಇಷ್ಟು ಚುರುಕು ಕಣ್ಣು ಇನ್ನಾರಿಗಿದೆ ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ.

ಮಾರನೇ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಮೈನಸ್ ಒಂದೂವರೆ. ಸೂಜಿಯ ವಿಷಯ ಹೇಳಿದೆ. ಡಾಕ್ಟರ್ ಅದಕ್ಕೆ ವಿವರಣೆ ಕೊಟ್ಟರು. ಮೈ ಬೆಳೆದ ಹಾಗೆ ಕಣ್ಣುಗುಡ್ಡೆಯೂ ಉದ್ದ ಬೆಳೆಯುತ್ತದಂತೆ. ಹುಟ್ಟಿದಾಗ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಇದ್ದದ್ದು ದೊಡ್ಡವರಾಗುವ ಹೊತ್ತಿಗೆ ಸುಮಾರು 24 ಆಗುತ್ತದೆ. ಕೆಲವು ಮಕ್ಕಳಲ್ಲಿ ಅದು ಬೇಕಾದ್ದಕ್ಕಿಂತ ಒಂಚೂರು ಜಾಸ್ತಿ ಬೆಳೆದುಬಿಡುತ್ತದೆ. ಆಗ ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂದಿನ ಪರದೆಗೆ, ಅಂದರೆ ಅಕ್ಷಿಪಟಕ್ಕೆ, ಮುಟ್ಟುವ ಮೊದಲೇ ಮೂಡುತ್ತದೆ. ಹತ್ತಿರದ್ದು ಮಾತ್ರ ಸ್ಪಷ್ಟ. ಒಂದು ಮಿಲಿಮೀಟರ್ ಜಾಸ್ತಿ ಆದರೆ ಸಾಕು, ಮೈನಸ್ ಎರಡೂವರೆಯಷ್ಟು ಪವರ್ ಬರುತ್ತದೆ. ನಾನು ದಿನಾ ಅಳತೆ ಪಟ್ಟಿ ಹಿಡಿಯುವವಳು. ಒಂದು ಮಿಲಿಮೀಟರ್ ಅಂದರೆ ಎಷ್ಟು ಅಂತ ನನಗೆ ಗೊತ್ತು. ಬಟ್ಟೆಯಲ್ಲಿ ಅಷ್ಟನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ.

ಮೈನಸ್ ಒಂದೂವರೆ ಅಂದರೆ ಕನ್ನಡಕ ಇಲ್ಲದೆ ಸುಮಾರು 67 ಸೆಂಟಿಮೀಟರ್ ತನಕ ಸ್ಪಷ್ಟ, ಅದರಾಚೆ ಹೋಗ್ತಾ ಹೋಗ್ತಾ ಮಸುಕು. ಅವತ್ತು ರಾತ್ರಿ ಅವನು ಮಲಗಿದ ಮೇಲೆ ಟೇಪು ತೆಗೆದುಕೊಂಡು ಅವನು ಓದಲು ಕೂರುವ ಜಾಗದಲ್ಲಿ ಕೂತು ಅಳೆದೆ. ಒಂದು ತುದಿ ನನ್ನ ಹುಬ್ಬಿಗೆ ಹಿಡಿದು 67ರ ಗೆರೆ ಎಲ್ಲಿಗೆ ಬರುತ್ತದೆ ನೋಡಿದೆ. ಪುಸ್ತಕ ದಾಟಿತು, ಮೇಜಿನ ಅಂಚಿನ ಹತ್ತಿರ ನಿಂತಿತು. ಅಷ್ಟೇ. ನನ್ನ ಮಗನ ಸ್ಪಷ್ಟವಾದ ಪ್ರಪಂಚ ಅಷ್ಟು ದೂರ ಇತ್ತು. ಬೋರ್ಡ್ ಎಲ್ಲಿ, ಮಿಸ್ ಮುಖ ಎಲ್ಲಿ! ಟೇಪು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ.

ಕನ್ನಡಕ ಬಂದ ದಿನ ಅವನು ಕುಣಿಯಲಿಲ್ಲ. ಸುಮ್ನೆ ಸುತ್ತ ನೋಡಿದ. ಕಿಟಕಿ ಆಚೆ ನೋಡಿದ, ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ. ಆಮೇಲೆ ಮೆತ್ತಗೆ ಕೇಳಿದ. ‘ಅಕ್ಕಂಗೆ ಯಾವಾಗ್ಲೂ ಹೀಗೇ ಕಾಣ್ತಿತ್ತಾ?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇರೆಯವರಿಗೆ ಬೇರೆ ಥರ ಕಾಣುತ್ತದೆ ಅನ್ನೋದು ಅವನಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ‘ನನಗೆ ಕಾಣಲ್ಲ’ ಅಂತ ಅವನು ಯಾವತ್ತೂ ಬಂದು ಹೇಳುತ್ತಿರಲಿಲ್ಲ. ಆದರೆ ಮುಂದೆ ಕೂತಾಗ ಹೇಗೆ, ಹಿಂದೆ ಕೂತಾಗ ಹೇಗೆ ಅನ್ನೋದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದ. ಐದು ನಿಮಿಷದ ಸಭೆಯಲ್ಲಿ ನಾವಿಬ್ಬರು ದೊಡ್ಡವರು ಕೂತು ಅವನನ್ನು ನಿಧಾನದ ಹುಡುಗ, ಕಾಪಿ ಹೊಡೆಯುವ ಹುಡುಗ ಅಂತ ತೀರ್ಮಾನ ಮಾಡುವಾಗ ನಿಜ ಏನು ಅಂತ ಗೊತ್ತಿದ್ದವನು ಹತ್ತು ಹೆಜ್ಜೆ ದೂರದಲ್ಲಿ ಬಾಗಿಲು ಒರಗಿಕೊಂಡು ನಿಂತಿದ್ದ.

ಮಿಸ್ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಮಕ್ಕಳಲ್ಲಿ ಅವನು ನಿಧಾನ ಬರೆಯುತ್ತಾನೆ ಅನ್ನೋದನ್ನು ಗಮನಿಸಿದವರು ಅವರೇ. ತಾಯಿಯಾಗಿ ನಾನು ಅಷ್ಟನ್ನೂ ಗಮನಿಸಿರಲಿಲ್ಲ. ಅವರು ನೋಡಿದ್ದು ಸರಿ. ಕಾರಣ ಕೇಳಬೇಕಿತ್ತು, ಅದನ್ನು ನಾವಿಬ್ಬರೂ ಮಾಡಲಿಲ್ಲ.

ಅವರ ಮೂರನೇ ದೂರು, ಆ ಗೊಣಗುವುದು, ನನ್ನನ್ನು ಹಳೆಯ ಪಾಠಗಳ ಕಡೆ ಕರೆದುಕೊಂಡು ಹೋಯಿತು. ತರಬೇತಿಯಲ್ಲಿ ನಾವು ಇಬ್ಬರು ವಿಜ್ಞಾನಿಗಳ ಬಗ್ಗೆ ಓದಿದ್ದೆವು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, ರಷ್ಯಾದ ಲೆವ್ ವೈಗಾಟ್‌ಸ್ಕಿ. ಇಬ್ಬರೂ 1896ರಲ್ಲಿ ಹುಟ್ಟಿದವರು. ಪಿಯಾಜೆ ಬಹಳ ವರ್ಷ ಬದುಕಿದರು, 1980ರ ತನಕ. ವೈಗಾಟ್‌ಸ್ಕಿ ಪಾಪ 37 ವರ್ಷಕ್ಕೇ, 1934ರಲ್ಲಿ ತೀರಿಕೊಂಡರು. ಚಿಕ್ಕ ಮಕ್ಕಳು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವುದು ಕೆಟ್ಟ ಅಭ್ಯಾಸ ಅಲ್ಲ, ಅದು ಅವರು ಯೋಚನೆ ಮಾಡುವ ರೀತಿ ಅಂತ ವೈಗಾಟ್‌ಸ್ಕಿ ಹೇಳಿದರು. ಕೆಲಸ ಕಷ್ಟ ಆದಷ್ಟೂ ಆ ಮಾತು ಜಾಸ್ತಿ ಆಗುತ್ತದೆ. ಮಗು ದೊಡ್ಡದಾದ ಹಾಗೆ ಮೊದಲು ಪಿಸುಮಾತಾಗುತ್ತದೆ, ಆಮೇಲೆ ಒಳಗೆ ಇಳಿಯುತ್ತದೆ. ನಾವು ದೊಡ್ಡವರು ಮನಸ್ಸಿನಲ್ಲೇ ‘ಮೊದಲು ಇದು ಮಾಡಬೇಕು, ಆಮೇಲೆ ಅದು’ ಅಂದುಕೊಳ್ಳುತ್ತೇವಲ್ಲ, ಅದೇ ಅದು.

ಒಂದು ಸಂಜೆ ಮಿಷನ್ ನಿಲ್ಲಿಸಿ ಮಗ ಏನು ಗೊಣಗುತ್ತಾನೆ ಅಂತ ಕಿವಿಗೊಟ್ಟೆ. ‘ಎಂಟರಲ್ಲಿ ಒಂಬತ್ತು ಹೋಗಲ್ಲ. ಪಕ್ಕದ ಮನೆಯಿಂದ ಹತ್ತು ತಗೋ. ಅವರ ಹತ್ರ ಒಂದು ಕಮ್ಮಿ ಆಯ್ತು, ಬರ್ದಿಟ್ಕೋ, ಮರೀಬೇಡ.’ ಕಳೆಯುವ ಲೆಕ್ಕ. ಒಂದೊಂದು ಹೆಜ್ಜೆಯನ್ನೂ ತನಗೆ ತಾನೇ ಹೇಳಿಕೊಡುತ್ತಿದ್ದ. ಅಂಕಪಟ್ಟಿಯಲ್ಲಿ ಅದಕ್ಕೆ ‘ಮಾತು ಜಾಸ್ತಿ’ ಅಂತ ಬರೆದಿತ್ತು.

ಪಿಯಾಜೆ ಬಗ್ಗೆ ಓದಿದ್ದರಲ್ಲಿ ಒಂದು ಸಂಗತಿ ಈಗ ಮತ್ತೆ ಮತ್ತೆ ನೆನಪಾಗುತ್ತದೆ. 1920ರ ಸುಮಾರಿಗೆ ಅವರು ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆಗಳ ಕೆಲಸ ಮಾಡುತ್ತಿದ್ದರು. ಎಷ್ಟು ಸರಿ, ಎಷ್ಟು ತಪ್ಪು ಅಂತ ಎಣಿಸುವ ಕೆಲಸ. ಅವರಿಗೆ ತಪ್ಪು ಉತ್ತರಗಳ ಮೇಲೆ ಆಸಕ್ತಿ ಹುಟ್ಟಿತು. ಮಕ್ಕಳನ್ನು ಕೂರಿಸಿಕೊಂಡು ‘ಹೀಗ್ಯಾಕೆ ಹೇಳಿದೆ’ ಅಂತ ಕೇಳಲು ಶುರು ಮಾಡಿದರು. ಜೀವಮಾನವಿಡೀ ಅದನ್ನೇ ಮಾಡಿದರು. ಇದರ ಬಗ್ಗೆ ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಮನೆಯಲ್ಲಿ ಒಂದು ದಿನವೂ ಮಾಡಲಿಲ್ಲ.

ಅದನ್ನು ನೆನೆದರೆ ಮಗಳ ವಿಷಯದಲ್ಲಿ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅವಳು ಐದೂವರೆ ವರ್ಷದವಳಿದ್ದಾಗ 3 ಮತ್ತು 7 ಅನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಬರೆಯುತ್ತಿದ್ದಳು. ಏಳು ವರ್ಷದ ತನಕ ಬಹಳ ಮಕ್ಕಳು ಹಾಗೆ ಬರೆಯುತ್ತಾರೆ, ತಾನಾಗಿಯೇ ಸರಿ ಹೋಗುತ್ತದೆ. ಅದೂ ನಾನು ಓದಿದ್ದೇ. ಆದರೂ ಸ್ವಂತ ಮಗಳು ಬರೆದಾಗ ತಾಳ್ಮೆ ಇರಲಿಲ್ಲ. ಒಂದು ರಾತ್ರಿ ಹೊಲಿಗೆಯ ಅಡಿಪಟ್ಟಿಯಿಂದ ಅವಳ ಕೈ ಮೇಲೆ ಹೊಡೆದೆ. ಅವಳು ಅಳಲಿಲ್ಲ. ಪುಸ್ತಕ ಮುಚ್ಚಿ, ಪೆನ್ಸಿಲನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯ ಮುಚ್ಚಳ ಹಾಕಿದಳು. ಆ ಮುಚ್ಚಳದ ಟಕ್ ಅನ್ನುವ ಸದ್ದು ನನಗಿನ್ನೂ ಕೇಳಿಸುತ್ತದೆ. ಹೋದ ವರ್ಷ ಅವಳ ಹತ್ತಿರ ಕ್ಷಮೆ ಕೇಳಿದೆ. ‘ನಂಗೆ ನೆನಪೇ ಇಲ್ಲಮ್ಮ’ ಅಂದಳು. ಇದೆಯೋ ಇಲ್ಲವೋ ಗೊತ್ತಿಲ್ಲ.

ಈಗ ಅವಳಿಗೆ ಹನ್ನೆರಡು. ‘ಇವತ್ತು ಸ್ಕೂಲು ಹೇಗಿತ್ತು’ ಅಂದರೆ ‘ಚೆನ್ನಾಗಿತ್ತು’. ‘ಏನಾಯ್ತು’ ಅಂದರೆ ‘ಏನಿಲ್ಲ’. ಈ ವಯಸ್ಸಿನ ಮಕ್ಕಳಿರುವ ಎಲ್ಲರ ಮನೆಯಲ್ಲೂ ಇದೇ, ಅಲ್ವಾ? ಆದರೆ ಹೊಲಿಗೆ ಕೆಲಸದಲ್ಲಿ ನಾನು ಒಂದು ಗಮನಿಸಿದ್ದೇನೆ. ಅಳತೆ ತೆಗೆಯುವಾಗ ಮಕ್ಕಳು ಮಾತಾಡುತ್ತಾರೆ. ಬೆನ್ನು ನನ್ನ ಕಡೆ ಇರುತ್ತದೆ, ಕೈ ಎತ್ತಿ ನಿಂತಿರುತ್ತಾರೆ, ನಾನು ಅವರ ಮುಖ ನೋಡುತ್ತಿರುವುದಿಲ್ಲ, ಟೇಪಿನ ಅಂಕಿ ನೋಡುತ್ತಿರುತ್ತೇನೆ. ಆಗ ಯಾವ್ಯಾವುದೋ ಮಾತು ಬರುತ್ತದೆ. ಮಗಳಿಗೆ ಈ ಸಲ ಯೂನಿಫಾರಂ ಅಳತೆ ತೆಗೆಯುವಾಗ ಭುಜದ ಮೇಲೆ ಟೇಪು ಇಟ್ಟಿದ್ದೆ. ತಾನಾಗಿಯೇ ಹೇಳಿದಳು. ಮೂರು ವರ್ಷದಿಂದ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬೇರೆ ಬೆಂಚಿಗೆ ಹೋಗಿದ್ದಾಳೆ, ಕಾರಣ ಗೊತ್ತಿಲ್ಲ, ಮಧ್ಯಾಹ್ನ ಒಬ್ಬಳೇ ಊಟ ಮಾಡುತ್ತೇನೆ ಅಂತ. ನಾನು ತಿರುಗಿಸಿ ಮುಖ ನೋಡಲಿಲ್ಲ. ತೋಳಿನ ಅಳತೆಯನ್ನು ಎರಡು ಸಲ ತೆಗೆದೆ, ಬೇಕಂತಲೇ. ಅವಳ ಅಂಕಪಟ್ಟಿಯಲ್ಲಿ ಆ ತಿಂಗಳು ಎಲ್ಲ ವಿಷಯದಲ್ಲೂ ಒಳ್ಳೆ ಅಂಕ ಇತ್ತು. ಸಭೆಯಲ್ಲಿ ‘ಇವಳ ಬಗ್ಗೆ ಹೇಳೋದೇನಿಲ್ಲ, ತುಂಬಾ ಶಾಂತ ಹುಡುಗಿ’ ಅಂದಿದ್ದರು.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಪೋಷಕರ ಸಭೆಯಲ್ಲಿ ಮಗುವಿಗೂ ಒಂದು ಕುರ್ಚಿ ಹಾಕಿ. ಮೊದಲ ಎರಡು ನಿಮಿಷ ಮಗು ಮಾತಾಡಲಿ. ಯಾವುದು ಸುಲಭ, ಯಾವುದು ಕಷ್ಟ, ಎಲ್ಲಿ ಕೂತರೆ ಚೆನ್ನಾಗಿರುತ್ತದೆ, ಇಷ್ಟು ಹೇಳಲಿ ಸಾಕು. ನಾಚಿಕೆಯ ಮಕ್ಕಳು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದುಕೊಂಡು ಬರಲಿ. ಬರೆಯಲು ಬಾರದ ಪುಟ್ಟ ಮಕ್ಕಳು ಚಿತ್ರ ಬಿಡಿಸಲಿ. ಇದೇನು ನಾನು ಕಂಡುಹಿಡಿದದ್ದಲ್ಲ. ಕೆಲವು ದೇಶಗಳ ಶಾಲೆಗಳಲ್ಲಿ ಮಗುವೇ ತನ್ನ ಪುಸ್ತಕ ತೆರೆದು, ಏನು ಕಲಿತೆ, ಎಲ್ಲಿ ತಡವರಿಸಿದೆ ಅಂತ ಅಪ್ಪ ಅಮ್ಮನಿಗೆ ತೋರಿಸುವ ಸಭೆಗಳು ನಡೆಯುತ್ತವೆ. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಇದನ್ನೇ ಹೇಳುತ್ತದೆ. ಮಗುವಿಗೆ ಸಂಬಂಧಪಟ್ಟ ಎಲ್ಲ ವಿಷಯದಲ್ಲೂ ತನ್ನ ಅನಿಸಿಕೆ ಹೇಳುವ ಹಕ್ಕು ಅದಕ್ಕಿದೆ, ವಯಸ್ಸಿಗೆ ತಕ್ಕ ಹಾಗೆ ಆ ಮಾತಿಗೆ ಬೆಲೆ ಕೊಡಬೇಕು ಅಂತ.

ಟೀಚರ್‌ಗಳಿಗೆ ಸಮಯ ಇಲ್ಲ ಅನ್ನುವುದು ನಿಜ. ಐದು ನಿಮಿಷದಲ್ಲಿ ಎರಡು ನಿಮಿಷ ಮಗುವಿಗೆ ಕೊಟ್ಟರೆ ನಮಗೆ ಮೂರೇ ಉಳಿಯುತ್ತದೆ. ಮೂರು ಸಾಕು. ನಾವು ಪೋಷಕರು ಆ ಹೊತ್ತಿನಲ್ಲಿ ಕೇಳುವುದು ಹೆಚ್ಚಾಗಿ ಒಂದೇ, ಯಾಕೆ ಅಂಕ ಕಮ್ಮಿ ಆಯ್ತು ಅಂತ. ಇನ್ನೊಂದು ಭಯ ನಿಜಕ್ಕೂ ದೊಡ್ಡದು. ಮಗುವನ್ನು ಎದುರಿಗೇ ಕೂರಿಸಿಕೊಂಡು ಇಬ್ಬರೂ ಸೇರಿ ಬೈಯುವ ಜಾಗ ಅದಾಗಬಾರದು. ಹಾಗಾಗುವುದಾದರೆ ಮಗು ಹೊರಗಿರುವುದೇ ವಾಸಿ. ಅದಕ್ಕೆ ಆ ಎರಡು ನಿಮಿಷ ದೊಡ್ಡವರು ಬಾಯಿ ತೆರೆಯಬಾರದು ಅನ್ನುವುದೂ ನಿಯಮ ಆಗಲಿ. ನನಗೂ ಅದು ಸುಲಭ ಅಲ್ಲ.

ಮುಂದಿನ ಸಭೆಗೆ ಮಗನನ್ನು ಒಳಗೆ ಕರೆದುಕೊಂಡು ಬರಲೇ ಅಂತ ಮಿಸ್‌ಗೆ ಕೇಳಿದೆ. ಒಂದು ಗಳಿಗೆ ಯೋಚಿಸಿ, ‘ಬರಲಿ, ನಾನೇ ಸ್ಟೂಲ್ ತಂದಿಡ್ತೀನಿ’ ಅಂದರು. ಅವನನ್ನು ಈಗ ಎರಡನೇ ಬೆಂಚಿಗೆ ಕೂರಿಸಿದ್ದಾರೆ. ಮೊನ್ನೆಯಿಂದ ಅವನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಏನೋ ಬರೆಯುತ್ತಿದ್ದಾನೆ. ಬರೆಯುವಾಗ ಗೊಣಗುತ್ತಾನೆ, ನಾನು ಹತ್ತಿರ ಹೋದರೆ ಕೈ ಅಡ್ಡ ಇಡುತ್ತಾನೆ. ಮಿಸ್ ಮುಂದೆ ಓದಿದ ಮೇಲೆ ನನಗೆ ತೋರಿಸುತ್ತಾನಂತೆ.

ಇಂತಿ ನಮಸ್ಕಾರಗಳೊಂದಿಗೆ,
ಎರಡು ಮಕ್ಕಳ ತಾಯಿ